ಓರೆಯಾಗಿ ಕೂತ ಬಿಲ್ಲೆ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದ ಗಂಡಸರು ಇಬ್ಬರೋ ಮೂವರೋ ಇದ್ದರು. ಅವರಲ್ಲಿ ಒಬ್ಬರು ಗಾಜು ಊದುವವರು. ನಮ್ಮ ಮನೆಯಿಂದ ನಾಲ್ಕನೆಯದು ಅವರ ಮನೆ. ರಕ್ತಸಂಬಂಧವೇನೂ ಇರಲಿಲ್ಲ, ಆದರೂ ಮಾತು ಬಂದಾಗಿನಿಂದ ಅವರನ್ನು ದೊಡ್ಡಪ್ಪ ಎಂದೇ ಕರೆದು ರೂಢಿ. ಅವರ ಹೆಂಡತಿ ದೊಡ್ಡಮ್ಮ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರಲಾರೆ ಎಂದು ಚಿಕ್ಕ ವಯಸ್ಸಿನಲ್ಲೇ ಬೆಂಗಳೂರಿಗೆ ಹೋಗಿ, ಗಾಜಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತವರು ಅವರು. ನಾನು ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ದೇವನಹಳ್ಳಿ ರಸ್ತೆಯಲ್ಲಿದ್ದ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಗಾಜಿನ ಸಾಮಾನು ಮಾಡಿಕೊಡುವ ಕೆಲಸದಲ್ಲಿದ್ದರು.

ಅರವತ್ತರ ದಶಕದ ಕೊನೆಯ ಮಾತು. ನೇಯುವವರ ಮನೆಯ ಹುಡುಗಿ ನಾನು, ಜೀವರಸಾಯನಶಾಸ್ತ್ರ ಓದಿ ಬಂದು ಮನೆಯಲ್ಲಿ ಅಮ್ಮನ ಜೊತೆ ನೂಲು ಸುತ್ತುತ್ತಾ ಕೂತಿದ್ದೆ. ಒಂದು ಸಂಜೆ ದೊಡ್ಡಪ್ಪ ನಮ್ಮ ಮನೆಯ ಜಗಲಿಗೆ ಬಂದು ಕೂತು ಅಪ್ಪನಿಗೆ ಹೇಳಿದರು.

"ನಮ್ಮ ಸಾಹೇಬ್ರಿಗೆ ಕಾಳಿನ ಮೇಲೆ ಕೆಲ್ಸ ಮಾಡೋಕೆ ಒಬ್ರು ಬೇಕಂತೆ ಕಣಪ್ಪಾ. ನಿನ್ನ ಮಗಳು ಓದಿರೋದು ಅದೇ ಅಲ್ವಾ?"

"ಅಷ್ಟು ದೂರ ದಿನಾ ಒಬ್ಳೇ ಹೆಂಗೆ ಹೋಗ್ತಾಳೆ?" ಎಂದರು ಅಪ್ಪ.

"ಒಬ್ಳೇ ಯಾಕೆ? ನಾನು ಹೋಗಲ್ವಾ? ಬೆಳಿಗ್ಗೆ ಕರ್ಕೊಂಡು ಹೋಗ್ತೀನಿ, ಸಾಯಂಕಾಲ ತಂದು ಇದೇ ಜಗಲಿ ಮೇಲೆ ಬಿಡ್ತೀನಿ."

ಅಪ್ಪ ಒಪ್ಪಿದರು. ಮುಂದಿನ ಸೋಮವಾರದಿಂದ ನಾನೂ ದೊಡ್ಡಪ್ಪನೂ ಬೆಳಗಿನ ಬಸ್ಸು ಹತ್ತತೊಡಗಿದೆವು. ಬಸ್ಸು ಬಂದ ಕೂಡಲೇ ಅವರು "ಯಾವ ಊರಿಗಮ್ಮಾ ಇದು?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಬೋರ್ಡು ಓದಿ ಹೇಳುತ್ತಿದ್ದೆ. ಓದಿದ ಹುಡುಗಿ ಜೊತೆಗಿದ್ದಾಳೆಂಬ ಖುಷಿಗೆ ಕೇಳುತ್ತಾರೆ ಎಂದುಕೊಂಡಿದ್ದೆ. ಕಿಟಕಿಯ ಪಕ್ಕದ ಜಾಗ ಯಾವಾಗಲೂ ನನಗೆ.

ನಮ್ಮ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಹೆಚ್ಚು ಮಾತಿನವರಲ್ಲ. ಅವರ ಕೆಲಸವೆಲ್ಲ ಅವರೆಕಾಳಿನ ಮೇಲೆ. ಹಸಿ ಅವರೆಕಾಳನ್ನು ಬೇಯಿಸದೆ ಕೋಳಿಗೋ ಕರುವಿಗೋ ಹಾಕಿದರೆ ಅವಕ್ಕೆ ಮೈ ಹತ್ತುವುದಿಲ್ಲ. ಕಾಳಿನೊಳಗಿನ ಒಂದು ಪ್ರೋಟೀನು ಹೊಟ್ಟೆಯ ಜೀರ್ಣರಸವನ್ನೇ ಕಟ್ಟಿಹಾಕುತ್ತದೆ. ಆ ಒಂದು ಪ್ರೋಟೀನನ್ನು ಉಳಿದವುಗಳಿಂದ ಬಿಡಿಸಿ ಶುದ್ಧವಾಗಿ ತೆಗೆಯಬೇಕು. ಆಮೇಲೆ ಅದು ಎಷ್ಟು ಬಿಸಿಗೆ ಸಾಯುತ್ತದೆ, ಎಷ್ಟು ಹೊತ್ತು ಬೇಯಿಸಬೇಕು ಎಂದು ನೋಡಬೇಕು. ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕಾಳು ಬರುತ್ತಿದ್ದುದು ಹೊಸಕೋಟೆ ಕಡೆಯ ಸಮೇತನಹಳ್ಳಿಯಿಂದ, ನಮ್ಮ ಸೋದರತ್ತೆಯ ಹೊಲದಿಂದ. ಒಂದೇ ಹೊಲದ ಒಂದೇ ಬೆಳೆಯ ಕಾಳಿದ್ದರೆ ಒಳ್ಳೆಯದು ಎಂದಿದ್ದರು ಸಾಹೇಬರು. ಅತ್ತೆ ಆ ವರ್ಷ ಒಂದು ಮೂಟೆ ಕಾಳನ್ನು ಒಣಗಿಸಿ, ಬೂದಿ ಬೆರೆಸಿಟ್ಟು, ನನಗೆಂದೇ ಕಳಿಸಿದ್ದರು.

ಬಿಡಿಸುವ ಬಗೆ ಹೀಗೆ. ನೆಟ್ಟಗೆ ನಿಲ್ಲಿಸಿದ ಒಂದು ಗಾಜಿನ ಕೊಳವೆ. ಅದಕ್ಕೆ ಕಾಲಂ ಎನ್ನುತ್ತಿದ್ದೆವು. ಅದರೊಳಗೆ ನೀರಿನಲ್ಲಿ ನೆನೆದು ಉಬ್ಬಿದ ಜೆಲ್ಲಿನ ಸಣ್ಣ ಸಣ್ಣ ಮಣಿಗಳು, ರವೆಗಿಂತ ನುಣುಪು. ಪ್ರತಿ ಮಣಿಯಲ್ಲೂ ಕಣ್ಣಿಗೆ ಕಾಣದ ತೂತುಗಳು. ಕಾಳಿನ ಸಾರವನ್ನು ಮೇಲಿನಿಂದ ಹಾಕಿ ನಿಧಾನವಾಗಿ ನೀರು ಬಿಟ್ಟರೆ, ದೊಡ್ಡ ಪ್ರೋಟೀನು ತೂತಿನೊಳಗೆ ಹೋಗಲಾರದೆ ಮಣಿಗಳ ಸಂದಿನಲ್ಲೇ ಸರಸರ ಇಳಿದು ಮೊದಲು ಬರುತ್ತದೆ. ಚಿಕ್ಕದು ಮಣಿಯೊಳಗೆ ಹೊಕ್ಕು, ಹೊರಬಂದು, ಇನ್ನೊಂದಕ್ಕೆ ಹೊಕ್ಕು, ತಡವಾಗಿ ಬರುತ್ತದೆ. ಕೆಳಗೆ ತೊಟ್ಟಿಕ್ಕುವುದನ್ನು ಬೇರೆ ಬೇರೆ ನಳಿಕೆಗಳಲ್ಲಿ ಹಿಡಿದರೆ ಆಯಿತು. ಇದನ್ನು ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದ್ದೆ. ಅಮ್ಮ ಸ್ವಲ್ಪ ಯೋಚಿಸಿ, "ಹಂಗಾದ್ರೆ ನಿಮ್ಮತ್ತೆ ಚಿಕ್ಕ ಪ್ರೋಟೀನು ಬಿಡು. ಸಂತೆಗೆ ಅಂತ ಹೊರಟ್ರೆ ದಾರೀಲಿ ಸಿಕ್ಕಿದ ಮನೆಗೆಲ್ಲ ಹೊಕ್ಕು ಬರ್ತಾಳೆ" ಎಂದಳು. ಅಪ್ಪನಿಗೆ ನಗು ತಡೆಯಲಾಗದೆ ನೆತ್ತಿ ಹತ್ತಿತು.

ದೊಡ್ಡಪ್ಪ ಮಾಡಿಕೊಟ್ಟಿದ್ದ ಮೊದಲ ಕಾಲಂ ಹೆಬ್ಬೆರಳಿಗಿಂತ ತೆಳುವಾಗಿ, ಒಂದು ಕೈ ಉದ್ದವಿತ್ತು. ಅದರಲ್ಲಿ ಕೆಲಸ ಮೊದಲನೇ ಸಲಕ್ಕೇ ಕೈಗೂಡಿತು. ನಳಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಗೆರೆ ಎಳೆದರೆ, ಎರಡು ಗುಡ್ಡ, ನಡುವೆ ನೆಲ ಮುಟ್ಟಿದ ಕಣಿವೆ. ಎರಡನೆಯ ಗುಡ್ಡವೇ ನಮಗೆ ಬೇಕಾದ ಪ್ರೋಟೀನು. ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿದೆ" ಎಂದರು. ಅವರ ಬಾಯಿಂದ ಆ ಮಾತು ಬಂದದ್ದನ್ನು ಅಲ್ಲಿದ್ದವರು ಯಾರೂ ಅದಕ್ಕೆ ಮೊದಲು ಕೇಳಿರಲಿಲ್ಲವಂತೆ.

ಆದರೆ ಅದರಲ್ಲಿ ಸಿಗುತ್ತಿದ್ದ ಪ್ರೋಟೀನು ಉಗುರಿನ ತುದಿಯಷ್ಟು. ಬೇಯಿಸಿ ನೋಡಬೇಕು, ಕೋಳಿಗಳಿಗೆ ತಿನ್ನಿಸಿ ನೋಡಬೇಕು ಎಂದರೆ ಅದರ ಇಪ್ಪತ್ತು ಪಾಲು ಬೇಕು. ಸಾಹೇಬರು ಹೊಸ ಕಾಲಮ್ಮಿಗೆ ತಾವೇ ನಕ್ಷೆ ಬರೆದರು. ಎತ್ತರ ಅಷ್ಟೇ, ಅಗಲ ನಾಲ್ಕು ಬೆರಳಿಗಿಂತ ಹೆಚ್ಚು. ಕೆಳಗೆ ಜೆಲ್ಲು ಜಾರಿಹೋಗದಂತೆ ಸಣ್ಣ ರಂಧ್ರಗಳ ಒಂದು ಗಾಜಿನ ಬಿಲ್ಲೆ, ಅದರ ಕೆಳಗೆ ಆಲಿಕೆಯಂತೆ ಕಿರಿದಾಗುತ್ತಾ ಹೋಗುವ ಬಾಯಿ. ವಿದೇಶದಿಂದ ತರಿಸುವ ಮಾತೇ ಇರಲಿಲ್ಲ. ನಕ್ಷೆ ದೊಡ್ಡಪ್ಪನ ಕೈಗೆ ಹೋಯಿತು.

ಆ ದಿನ ನಾನೂ ಅವರ ಕೆಲಸದ ಕೋಣೆಯಲ್ಲಿದ್ದೆ. ನಕ್ಷೆಯನ್ನು ನನ್ನ ಕಡೆ ಚಾಚಿ, "ಅಳತೆ ಓದಮ್ಮ, ಕನ್ನಡಕ ಮನೇಲಿ ಬಿಟ್ಟು ಬಂದ್ಬಿಟ್ಟೆ" ಎಂದರು. ಓದಿದೆ. ಉರಿಯ ಮುಂದೆ ಕೂತು ಕೊಳವೆಯನ್ನು ಎರಡೂ ಕೈಗಳಲ್ಲಿ ತಿರುಗಿಸುತ್ತಾ, ಬಿಲ್ಲೆಯನ್ನು ಒಳಗಿಟ್ಟು, ಗಾಜು ಜೇನಿನಂತೆ ಮೆತ್ತಗಾದಾಗ ಒಂದೇ ಉಸಿರು ಊದಿ ಕೂರಿಸಿದರು. ಅದನ್ನು ನೋಡುವುದೇ ಒಂದು ಚೆಂದ. ತಣ್ಣಗಾದ ಮೇಲೆ ಮಗುವನ್ನು ಎತ್ತಿಕೊಂಡಂತೆ ಅದನ್ನು ತೋಳಿನ ಮೇಲೆ ಮಲಗಿಸಿಕೊಂಡು ತಾವೇ ನನ್ನ ಕೋಣೆಗೆ ತಂದುಕೊಟ್ಟರು.

ನಮ್ಮ ಕಾಲಂಗಳಿದ್ದುದು ಶೀತಲ ಕೋಣೆಯಲ್ಲಿ. ಪ್ರೋಟೀನು ಕೆಡಬಾರದೆಂದು ಅಲ್ಲಿ ಮಂಜುಗಡ್ಡೆಯ ಚಳಿ. ಬೇಸಿಗೆಯಲ್ಲೂ ಅಪ್ಪನ ಹಳೇ ಉಣ್ಣೆಯ ಕೋಟು ಹಾಕಿಕೊಂಡು ಒಳಗೆ ಹೋಗುತ್ತಿದ್ದೆ. ದೊಡ್ಡ ಕಾಲಮ್ಮಿಗೆ ಜೆಲ್ಲು ತುಂಬಿ, ಕಾಳಿನ ಸಾರ ಹಾಕಿ, ದಿನವಿಡೀ ಕಾದು ನಳಿಕೆಗಳನ್ನು ತುಂಬಿಕೊಂಡೆ. ಗ್ರಾಫ್ ಎಳೆದು ನೋಡಿದರೆ ಎರಡು ಗುಡ್ಡಗಳಿಲ್ಲ. ಒಂದೇ ದೊಡ್ಡ ದಿಬ್ಬ, ಅದರ ಬೆನ್ನ ಮೇಲೆ ಸಣ್ಣ ಗೂನು.

"ಜೆಲ್ಲು ತುಂಬಿರೋದು ಸರಿಯಾಗಿಲ್ಲ. ತೆಗೆದು ಮತ್ತೆ ತುಂಬಿ" ಎಂದರು ಸಾಹೇಬರು.

ಮತ್ತೆ ತುಂಬಿದೆ. ಅದೇ ದಿಬ್ಬ. ಇನ್ನೂ ನಿಧಾನವಾಗಿ ನೀರು ಬಿಟ್ಟೆ. ಗೂನು ಸ್ವಲ್ಪ ಎದ್ದು ಕಂಡಿತು, ಅಷ್ಟೇ. ಮೇಲಿನಿಂದ ಸಾರ ಒಂದೇ ಕಡೆ ಬಿದ್ದು ಜೆಲ್ಲು ಗುಳಿ ಬೀಳುತ್ತಿದೆಯೇನೋ ಎಂದು ದುಂಡಗೆ ಕತ್ತರಿಸಿದ ಶೋಧಕ ಕಾಗದವನ್ನು ಮೇಲೆ ಹಾಸಿದೆ. ಅದರಿಂದಲೂ ಬದಲಾಗಲಿಲ್ಲ. ಒಂದೊಂದು ಪ್ರಯತ್ನಕ್ಕೂ ಮೂರು ದಿನ. ಅತ್ತೆಯ ಮೂಟೆ ಅರ್ಧಕ್ಕೆ ಇಳಿಯಿತು. ನಾಲ್ಕನೆಯ ಸಲ ಹಾಳೆ ಹಿಡಿದುಕೊಂಡು ಹೋದಾಗ ಸಾಹೇಬರು ಅದನ್ನು ಪೂರ್ತಿ ನೋಡಲೂ ಇಲ್ಲ.

"ಚಿಕ್ಕ ಕಾಲಮ್ಮಿನಲ್ಲಿ ಬಂದದ್ದು ದೊಡ್ಡದರಲ್ಲಿ ಯಾಕೆ ಬರೋಲ್ಲ? ಕಾಳು ಅದೇ, ಜೆಲ್ಲು ಅದೇ. ಕೈ ಮಾತ್ರ ಅವಸರ ಮಾಡ್ತಿದೆ. ನೋಡಮ್ಮ, ಕಷ್ಟ ಆದರೆ ಹೇಳಿ. ಈ ಕೆಲಸ ಬೇರೆಯವರಿಗೆ ಕೊಡೋಣ."

ಶೀತಲ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅಲ್ಲಿಯ ಚಳಿಗೆ ಎಲ್ಲರ ಮೂಗೂ ಕೆಂಪಾಗುತ್ತಿದ್ದುದರಿಂದ ಹೊರಬಂದಾಗ ಯಾರಿಗೂ ಗೊತ್ತಾಗಲಿಲ್ಲ.

ಆದರೆ ಅಳುತ್ತಾ ನಿಂತಾಗಲೇ ನನಗೆ ಒಂದು ಮಾತು ಹೊಳೆಯಿತು. ಪ್ರೋಟೀನಿಗೆ ಬಣ್ಣವಿಲ್ಲ; ಕಾಲಮ್ಮಿನೊಳಗೆ ಅದು ಹೇಗೆ ಇಳಿಯುತ್ತಿದೆ ಎಂದು ನಾನು ಒಮ್ಮೆಯೂ ನೋಡಿಯೇ ಇಲ್ಲ. ಬಣ್ಣವಿರುವ ಪ್ರೋಟೀನೊಂದನ್ನು ಬಿಟ್ಟು ನೋಡಿದರೆ? ರಕ್ತದ ಕೆಂಪು ಪ್ರೋಟೀನು ಅಲ್ಲದೆ ಬೇರೆ ಯಾವುದು ಅಷ್ಟು ಸುಲಭವಾಗಿ ಸಿಗುತ್ತದೆ? ಸೂಜಿಯಿಂದ ಬೆರಳು ಚುಚ್ಚಿಕೊಂಡು, ಹತ್ತಾರು ಹನಿ ರಕ್ತವನ್ನು ನೀರಿಗೆ ಹಾಕಿ ಕಣಗಳನ್ನು ಒಡೆಸಿ, ಗಸಿ ತೆಗೆದು, ಕಾಲಮ್ಮಿಗೆ ಹಾಕಿದೆ.

ಬಿಳಿಯ ಜೆಲ್ಲಿನಲ್ಲಿ ಕೆಂಪು ಪಟ್ಟಿ ಇಳಿಯತೊಡಗಿತು. ಅರ್ಧದವರೆಗೆ ನೆಟ್ಟಗಿತ್ತು. ಆಮೇಲೆ ಒಂದು ಬದಿ ಮುಂದೆ ಜಾರತೊಡಗಿತು. ತಳಕ್ಕೆ ಬಂದಾಗ ಎಡಬದಿಯ ಕೆಂಪು ಬಿಲ್ಲೆಯೊಳಕ್ಕೆ ಇಳಿದುಹೋಗಿತ್ತು, ಬಲಬದಿಯದು ಇನ್ನೂ ಮೇಲೇ ಇತ್ತು. ಬಿಲ್ಲೆ ದಾಟಿದ ಕೆಂಪು ನೇರ ಹೊರಗೆ ಬರಲಿಲ್ಲ. ಕೆಳಗಿನ ಆಲಿಕೆಯಲ್ಲಿ ಸುತ್ತಾಡಿ, ಹಿಂದಿನಿಂದ ಬಂದ ನೀರಿನೊಂದಿಗೆ ಬೆರೆತು, ತಿಳಿಗುಲಾಬಿಯಾಗಿ ಬಹಳ ಹೊತ್ತು ತೊಟ್ಟಿಕ್ಕಿತು. ಒಂದು ಕೈ ಉದ್ದದ ದಾರಿಯಲ್ಲಿ ಕಷ್ಟಪಟ್ಟು ಬೇರೆಯಾದದ್ದು ಕೊನೆಯ ನಾಲ್ಕು ಬೆರಳಿನಲ್ಲಿ ಮತ್ತೆ ಒಂದಾಗುತ್ತಿತ್ತು.

ಸ್ಟ್ಯಾಂಡೇ ವಾಲಿರಬಹುದೆಂದು ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು ನೋಡಿದೆ. ಕಾಲಂ ನೆಟ್ಟಗಿತ್ತು. ಗಾಜಿನ ಮೇಲೆ ಬರೆಯುವ ಮೇಣದ ಪೆನ್ಸಿಲಿನಿಂದ ಪಟ್ಟಿ ಜಾರಿದ ಬದಿಗೆ ಗುರುತು ಹಾಕಿ, ಮಾರನೆಯ ದಿನ ಜೆಲ್ಲನ್ನೆಲ್ಲ ತೆಗೆದು ಹೊಸದಾಗಿ ತುಂಬಿ, ಕಾಲಮ್ಮನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿ, ಮತ್ತೆ ಬೆರಳು ಚುಚ್ಚಿಕೊಂಡೆ. ಪಟ್ಟಿ ಮತ್ತೆ ಗುರುತಿದ್ದ ಬದಿಗೇ ಜಾರಿತು. ತಪ್ಪು ನಾನು ತುಂಬಿದ್ದರಲ್ಲಿ ಇರಲಿಲ್ಲ. ಕಾಲಮ್ಮನ್ನು ಕಳಚಿ, ತಳ ಒರೆಸಿ, ಅಳತೆಪಟ್ಟಿ ಹಿಡಿದು ನೋಡಿದೆ. ಬಿಳಿ ಜೆಲ್ಲಿನೊಳಗೆ ಅಂಚು ಕಾಣದಿದ್ದ ಬಿಳಿ ಬಿಲ್ಲೆ ಓರೆಯಾಗಿ ಕೂತಿತ್ತು. ಒಂದು ಬದಿಗೂ ಇನ್ನೊಂದಕ್ಕೂ ಕಿರುಬೆರಳ ದಪ್ಪದಷ್ಟು ವ್ಯತ್ಯಾಸ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಬಸ್ಸಿನ ಬೋರ್ಡು, ಮನೆಯಲ್ಲಿ ಮರೆತ ಕನ್ನಡಕ, ಬಸ್ಸಿನ ಮೆಟ್ಟಿಲಿಗೆ ಕಾಲಿಡುವ ಮೊದಲು ಅವರು ಪಾದದಿಂದ ತಡವುತ್ತಿದ್ದುದು, ಎಲ್ಲ ಒಂದೇ ಸಲ ನೆನಪಿಗೆ ಬಂತು. ಮೂವತ್ತು ವರ್ಷ ಉರಿಯನ್ನೇ ನೋಡಿದ ಕಣ್ಣು. ದೊಡ್ಡಪ್ಪನಿಗೆ ಕಾಣುತ್ತಿರಲಿಲ್ಲ.

ಅಂದು ಸಂಜೆ ಬಸ್ಸಿನಲ್ಲಿ ಕೂತಾಗ ಅವರು ಕೇಳಿದರು. "ಯಾಕಮ್ಮ ಬಾಯಿ ಬಿಡ್ತಿಲ್ಲ? ಇವತ್ತೂ ಕೆಟ್ಟೋಯ್ತಾ?"

"ಹ್ಞೂಂ ದೊಡ್ಡಪ್ಪ."

"ಬಿಡು. ಗಾಜೂ ಹಂಗೇ. ಹತ್ತು ಒಡೆದ್ಮೇಲೆ ಒಂದು ನಿಲ್ತದೆ."

ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ನಾನು ಬಾಯಿ ಬಿಟ್ಟರೆ ಅವರ ಕೆಲಸ ಹೋಗುತ್ತದೆ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಮಕ್ಕಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಗಾಜಿನಲ್ಲಿ ಕುಂದಿದೆ ಎಂದು ಅವರಿಗೆ ಹೇಳುವ ಬಾಯಿ ನನಗಿರಲಿಲ್ಲ. ನನ್ನನ್ನು ಆ ಜಾಗಕ್ಕೆ ಕರೆತಂದವರು ಅವರು.

ಭಾನುವಾರ ದೊಡ್ಡಮ್ಮ ಅವರೆಕಾಳಿನ ಸಿಪ್ಪೆ ಹಿಸುಕಿ ತೆಗೆದು ಹಿತಕಬೇಳೆ ಸಾರು ಮಾಡಿ ಕರೆದರು. ನಮ್ಮ ಪ್ರಯೋಗದ ಕಾಳೇ ಸಾಲದಿದ್ದ ದಿನಗಳಲ್ಲಿ ಅವರೆಕಾಳು ಕಂಡರೆ ನನಗೆ ಮೂಟೆಯ ಲೆಕ್ಕವೇ ನೆನಪಾಗುತ್ತಿತ್ತು, ಆದರೂ ಹೋದೆ. ದೊಡ್ಡಪ್ಪ ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಊಟ ಮಾಡುತ್ತಿದ್ದರು. ಅವರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ದೊಡ್ಡಮ್ಮನನ್ನು ಮೆಲ್ಲಗೆ ಕೇಳಿದೆ.

"ದೊಡ್ಡಪ್ಪನ ಕಣ್ಣು..."

ದೊಡ್ಡಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಎರಡು ವರ್ಷ ಆಯ್ತು ಕಣವ್ವ. ಪೊರೆ ಬಂದದೆ. ತೋರ್ಸಿ ಅಂದ್ರೆ ಕುಯ್ದು ಕಣ್ಣು ಕಿತ್ತಾಕ್ತಾರೆ ಅಂತ ಹೆದರ್ತಾರೆ. ಕೈಗೇ ಕಣ್ಣು ಅವೆ ನಂಗೆ ಅಂತಾರೆ. ಯಾರಿಗೂ ಹೇಳ್ಬೇಡ."

ಹೇಳಲಿಲ್ಲ. ಎಂಟು ದಿನ ಹಾಗೇ ಕಳೆದವು. ಆ ಎಂಟು ದಿನ ನಾನು ಸುಮ್ಮನೆ ಜೆಲ್ಲು ತೊಳೆದೆ, ತುಂಬಿದೆ, ತೆಗೆದೆ. ಸಾಹೇಬರು ಶನಿವಾರ ಎಲ್ಲರೆದುರಿಗೆ, "ಮುಂದಿನ ವಾರದಿಂದ ಈ ಕೆಲಸ ಬೇರೆಯವರು ಮಾಡ್ತಾರೆ" ಎಂದುಬಿಟ್ಟರು. ತಲೆ ತಗ್ಗಿಸಿ ನಿಂತೆ. ಬಾಗಿಲ ಬಳಿ ಯಾವುದೋ ಸಾಮಾನು ಕೊಡಲು ಬಂದಿದ್ದ ದೊಡ್ಡಪ್ಪ ಅದನ್ನು ಕೇಳಿಸಿಕೊಂಡಿದ್ದರು.

ಸ್ವಲ್ಪ ಹೊತ್ತಿನಲ್ಲೇ ಶೀತಲ ಕೋಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಬರೀ ಅಂಗಿಯಲ್ಲಿದ್ದರು.

"ಚಳಿ ಇದೆ ದೊಡ್ಡಪ್ಪ, ಹೊರಗೆ ನಡೀರಿ."

"ಇರ್ಲಿ. ನಿನ್ನ ಕೈ ಅವಸರದ ಕೈ ಅಲ್ಲ. ನೂಲು ಸುತ್ತೋದು ನೋಡಿವ್ನಿ ನಾನು. ಎಲ್ಲಿ ಕೆಡ್ತಾ ಅದೆ ಅಂತ ನಂಗೆ ತೋರ್ಸು."

"ಬಣ್ಣ ಇರಲ್ಲ ದೊಡ್ಡಪ್ಪ. ಕಾಣಲ್ಲ."

"ಬೆರಳೆಲ್ಲ ಯಾಕೆ ಚುಚ್ಕೊಂಡಿದ್ದೀಯಾ ಮತ್ತೆ? ಬಸ್ಸಲ್ಲಿ ನಿನ್ನ ಕೈಗೆ ಟಿಕೆಟ್ ಕೊಡುವಾಗ ಗೊತ್ತಾಗಲ್ವಾ ನಂಗೆ, ಬೆರಳೆಲ್ಲ ಒರಟು ಒರಟು?"

ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ. ರಕ್ತದ ವಿಷಯ ಹೇಳಿದೆ. ಅವರು ತಮ್ಮ ಬೆರಳು ಚಾಚಿದರು. "ನಂದು ತಗೋ. ನಿಂದು ಸಾಕು."

ಅವರ ಬೆರಳ ತುದಿ ಸುಟ್ಟು ಸುಟ್ಟು ಚರ್ಮ ಗಟ್ಟಿಯಾಗಿತ್ತು. ಸೂಜಿ ಎರಡು ಸಲ ಜಾರಿತು. ರಕ್ತ ಒಡೆಸಿ ಕಾಲಮ್ಮಿಗೆ ಬಿಟ್ಟೆ. ಪಟ್ಟಿ ಇಳಿಯಲು ಗಂಟೆಗಳು ಬೇಕು. ಅವರು ಕೆಲಸದ ಕೋಣೆಗೆ ಹೋಗಿ, ಮತ್ತೆ ಮತ್ತೆ ಬಂದು ನೋಡಿದರು. ಪ್ರತಿ ಸಲವೂ ನಾನು ಅಪ್ಪನ ಕೋಟನ್ನು ಅವರಿಗೆ ಹೊದಿಸುತ್ತಿದ್ದೆ. ಮಧ್ಯಾಹ್ನ ಕಳೆದು ಪಟ್ಟಿ ತಳಕ್ಕೆ ಬಂದಾಗ ಅವರು ಮೊಣಕಾಲೂರಿ ಕೂತು ಗಾಜಿಗೆ ಮೂಗು ತಾಗುವಷ್ಟು ಮುಖ ತಂದು ನೋಡಿದರು. ಬಿಳಿಯ ಮೇಲೆ ಕೆಂಪು ಅವರಿಗೆ ಕಂಡಿತು. ಹೆಬ್ಬೆರಳನ್ನು ಗಾಜಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಎಳೆದರು.

"ವಾಲ್ಕೊಂಡಿದೆ ಅಲ್ವಾ?"

ಹ್ಞೂಂ ಎಂದೆ.

"ಬಿಲ್ಲೆ ಓರೆ ಕೂತದೆ. ನಾನು ಕೂರ್ಸಿದ್ದು. ನಿಂಗೆ ಯಾವಾಗಿಂದ ಗೊತ್ತು?"

"ಎಂಟು ದಿನ ಆಯ್ತು."

"ಎಂಟು ದಿನ ನನ್ನ ಪಕ್ಕ ಕೂತು ಬಂದೆ, ಹೋದೆ. ನನ್ನಿಂದಾಗಿ ಬೈಸ್ಕೊಂಡೆ." ಅವರು ಗಾಜಿನಿಂದ ಬೆರಳು ತೆಗೆದರು. "ಮೂವತ್ತು ವರ್ಷದ ಕೆಲಸಕ್ಕೆ ಇಷ್ಟು ಮರ್ಯಾದೆ ಕೊಡಬಾರ್ದಾ ತಾಯಿ? ತಪ್ಪಾಗಿದ್ರೆ ತಪ್ಪಾಗಿದೆ ದೊಡ್ಡಪ್ಪ ಅನ್ನಬಾರ್ದಾ?"

ಆ ಮಾತಿನ ಅರ್ಥ ನನಗೆ ಪೂರ್ತಿ ತಿಳಿಯಲು ವರ್ಷಗಳೇ ಬೇಕಾದವು. ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರ ಕೆಲಸದಲ್ಲಿನ ತಪ್ಪನ್ನು ಅವರಿಂದಲೇ ಮುಚ್ಚಿಟ್ಟದ್ದು ಅವರಿಗೆ ಕರುಣೆಯಂತೆ ಕಾಣಲಿಲ್ಲ. ಆಗ ಮಾತ್ರ ಅವರ ಕೈ ಹಿಡಿದುಕೊಂಡು "ತಪ್ಪಾಯ್ತು ದೊಡ್ಡಪ್ಪ" ಎಂದೆ. ಅವರು ನನ್ನ ತಲೆ ತಡವಿ, ಕೋಟು ಕಳಚಿ ಕೊಟ್ಟು, ಕಾಲಮ್ಮನ್ನು ತೋರಿಸಬೇಕು ಬಾ ಎಂದು ನೇರವಾಗಿ ಸಾಹೇಬರ ಕೋಣೆಗೆ ನಡೆದರು.

"ಸಾರ್, ಹುಡುಗಿ ಕೈದು ತಪ್ಪಿಲ್ಲ. ನನ್ನ ಕಣ್ಣು ಕಾಣ್ತಿಲ್ಲ. ಬಿಲ್ಲೆ ಓರೆ ಕೂರ್ಸಿಬಿಟ್ಟಿವ್ನಿ. ನೀವು ಏನು ಮಾಡಿದ್ರೂ ಸರಿ."

ಸಾಹೇಬರು ಎದ್ದು ನಮ್ಮ ಜೊತೆ ಬಂದರು. ಕಾಲಮ್ಮಿನ ತಳವನ್ನು ಬಹಳ ಹೊತ್ತು ನೋಡಿದರು. ಕೆಂಪು ಇನ್ನೂ ಆಲಿಕೆಯಲ್ಲಿ ಸುತ್ತುತ್ತಲೇ ಇತ್ತು. ನನ್ನ ಗುರುತು, ಅಳತೆ, ಕಾಲಂ ತಿರುಗಿಸಿ ನೋಡಿದ್ದು, ಎಲ್ಲ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು.

"ಓರೆ ನಿಮ್ಮದು, ಒಪ್ಪಿದೆ. ಈ ಕೆಳಗಿನ ಹೊಟ್ಟೆ ಯಾರದು? ನಕ್ಷೆ ಬರೆದವನು ನಾನು. ಚಿಕ್ಕ ಕಾಲಮ್ಮಿನಲ್ಲಿ ಬಿಲ್ಲೆ ಕೆಳಗೆ ಜಾಗವೇ ಇರಲಿಲ್ಲ. ದೊಡ್ಡದಕ್ಕೆ ನಾನೊಂದು ಆಲಿಕೆ ಇಟ್ಟೆ. ಬೇರೆಯಾದದ್ದೆಲ್ಲ ಅಲ್ಲಿ ಕೂಡಿಕೊಳ್ಳುತ್ತೆ. ನಿಮ್ಮ ಓರೆಗಿಂತ ನನ್ನ ಹೊಟ್ಟೆಯದೇ ದೊಡ್ಡ ತಪ್ಪು." ಆಮೇಲೆ ನನ್ನ ಕಡೆ ತಿರುಗಿದರು. "ಅಗಲ ಮಾಡಿದರೆ ಸಾಕು ಅಂದುಕೊಂಡೆ. ನೀವು ನೋಡಿ ಕಂಡುಹಿಡಿದಿರಿ. ಮನಸ್ಸಿಗೆ ಹಚ್ಚಿಕೋಬೇಡಿ ಅಮ್ಮ."

ಅದೇ ಮೇಜಿನ ಮೇಲೆ ಹೊಸ ನಕ್ಷೆ ಬರೆದೆವು. ಬಿಲ್ಲೆಯ ಕೆಳಗೆ ಆಲಿಕೆಯಿಲ್ಲ. ಚಪ್ಪಟೆ ತಳ, ಕಾಗದದಷ್ಟು ತೆಳು ಸಂದು, ನಟ್ಟನಡುವೆ ಸಣ್ಣ ತೂತು. ಇದನ್ನು ಬೆಂಗಳೂರಿನಲ್ಲಿ ಬೇರೆಯವರಿಂದ ಮಾಡಿಸಬಹುದು ಎಂದು ಸಾಹೇಬರು ಅಂದರೋ ಇಲ್ಲವೋ, ದೊಡ್ಡಪ್ಪ "ನಾನೇ ಮಾಡ್ತೀನಿ. ಇವಳು ಕಣ್ಣು ಕೊಡ್ಲಿ" ಎಂದರು.

ಮೂರು ದಿನ ಬೆಳಿಗ್ಗೆ ನಾನು ಅವರ ಎದುರಿಗೆ ಕೂತೆ. ಉರಿಯ ಸದ್ದು ಮೀರಿ ಕೂಗಿ ಹೇಳಬೇಕಿತ್ತು. "ನನ್ನ ಕಡೆ ತಗ್ಗಿದೆ ದೊಡ್ಡಪ್ಪ. ಇನ್ನೂ. ಸಾಕು, ಸಾಕು!" ಕೈಯೆಂದರೆ ಏನೆಂದು ಆಗ ನೋಡಿದೆ. ನಾನು "ಕೂದಲೆಳೆಯಷ್ಟು" ಎಂದರೆ ಅವರ ಬೆರಳು ಕೂದಲೆಳೆಯಷ್ಟೇ ಸರಿಯುತ್ತಿತ್ತು. ಮೊದಲನೆಯ ಬಿಲ್ಲೆ ಸಿಡಿಯಿತು. ಎರಡನೆಯದು ತಣ್ಣಗಾಗುವಾಗ ಸೀಳಿತು. ಮೂರನೆಯದನ್ನು ನಾನೇ ಹಾಳುಮಾಡಿದೆ, ಎಡವೆನ್ನುವ ಬದಲು ಬಲವೆಂದೆ. ದೊಡ್ಡಪ್ಪ ಅದಕ್ಕೆ ಜೋರಾಗಿ ನಕ್ಕರು. "ನಂಗೆ ಕಣ್ಣಿಲ್ಲ, ನಿಂಗೆ ಎಡ ಬಲ ಇಲ್ಲ. ಒಳ್ಳೇ ಜೋಡಿ." ನಾಲ್ಕನೆಯದು ನಿಂತಿತು. ಅದರೊಳಗೆ ಸ್ವಲ್ಪ ನೀರು ಹಾಕಿ ಹಿಡಿದೆ. ನೀರಿನ ಅಂಚು ಬಿಲ್ಲೆಯ ಸುತ್ತ ಒಂದೇ ಸಮ ಇತ್ತು.

ಮತ್ತೆ ಅವರದೇ ರಕ್ತ. ಈ ಸಲ ಕೆಂಪು ಪಟ್ಟಿ ಮೇಲಿನಿಂದ ಕೆಳಗಿನವರೆಗೂ ಬಳೆಯಂತೆ ಒಂದೇ ಮಟ್ಟದಲ್ಲಿ ಇಳಿದು, ಬಿಲ್ಲೆಗೆ ಸುತ್ತಲೂ ಒಟ್ಟಿಗೇ ತಾಗಿ, ಕೆಲವೇ ನಳಿಕೆಗಳಲ್ಲಿ ಹೊರಬಂದು ಮುಗಿಯಿತು. ಆಮೇಲೆ ಅತ್ತೆಯ ಮೂಟೆಯ ಕೊನೆಯ ಕಾಳು. ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳನ್ನು ಸೇರಿಸಿದೆ. ಎರಡು ಗುಡ್ಡ ಬಂದವು. ನಡುವಿನ ಕಣಿವೆ ಚಿಕ್ಕ ಕಾಲಮ್ಮಿನಲ್ಲಿ ಬಂದಷ್ಟು ಆಳವಿರಲಿಲ್ಲ, ಆದರೆ ನಮಗೆ ಅದು ಬೇಕಾದಷ್ಟಾಯಿತು.

ಆ ಸಂಜೆ ಬಸ್ಸಿಗೆ ಕಾಯುವಾಗ ದೊಡ್ಡಪ್ಪ ತಾವಾಗಿಯೇ, "ಕಣ್ಣು ತೋರಿಸ್ತೀನಿ ಕಣಮ್ಮ. ನೀನು ಜೊತೆಗೆ ಬಾ" ಎಂದರು. ಸಾಹೇಬರು ರಜೆಗೆ ಸಹಿ ಹಾಕಿದ್ದಲ್ಲದೆ ಪರಿಚಯದ ವೈದ್ಯರಿಗೆ ಚೀಟಿಯನ್ನೂ ಬರೆದುಕೊಟ್ಟರು. ಆಗಿನ ಪೊರೆಯ ಶಸ್ತ್ರಚಿಕಿತ್ಸೆ ಈಗಿನಂತಲ್ಲ. ಕಣ್ಣಿಗೆ ಕಟ್ಟು ಹಾಕಿ, ತಲೆಯ ಎರಡೂ ಬದಿಗೆ ಮರಳಿನ ಚೀಲವಿಟ್ಟು, ಅಲುಗಾಡದೆ ದಿನಗಟ್ಟಲೆ ಮಲಗಿಸುತ್ತಿದ್ದರು. ಕೈಗೆ ಕೆಲಸವಿಲ್ಲದೆ ದೊಡ್ಡಪ್ಪ ಒದ್ದಾಡಿಹೋದರು. ದೊಡ್ಡಮ್ಮ ಹಗಲೆಲ್ಲ ಅವರ ಬೆರಳುಗಳನ್ನು ಹಿಡಿದುಕೊಂಡು ಕೂತಿರುತ್ತಿದ್ದರು. ಮದುವೆಯಾದ ಮೇಲೆ ಇಷ್ಟು ಹೊತ್ತು ಇವರು ನನ್ನ ಹತ್ತಿರ ಇದ್ದದ್ದು ಇದೇ ಮೊದಲು ಎಂದು ನನ್ನ ಹತ್ತಿರ ಹೇಳಿ ನಾಚಿಕೊಂಡರು.

ಕೆಲವು ವಾರಗಳ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅವರು ಮೊದಲು ದೊಡ್ಡಮ್ಮನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, "ಅಯ್ಯೋ, ನಿನ್ನ ಗಲ್ಲದ ಮೇಲೆ ಮಚ್ಚೆ ಅದೆ! ಯಾವಾಗಿಂದ?" ಎಂದರು.

"ಹುಟ್ಟಿದಾಗಿಂದ, ದೊಡ್ಡಪ್ಪ."

"ಮರ್ತೇ ಬಿಟ್ಟಿದ್ದೆ" ಎಂದು ಮತ್ತೆ ಮತ್ತೆ ನೋಡಿದರು.

ಎಲ್ಲವೂ ಮೊದಲಿನಂತಾಯಿತು ಎಂದು ಹೇಳಲಾರೆ. ಆ ಕನ್ನಡಕದಲ್ಲಿ ವಸ್ತುಗಳೆಲ್ಲ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿದ್ದವು. ನೆಟ್ಟಗಿನ ಅಂಚು ಬಾಗಿದಂತೆ ಕಾಣುತ್ತಿತ್ತು. ಉರಿ ಎಷ್ಟು ದೂರವಿದೆ ಎಂಬ ಅಂದಾಜು ತಪ್ಪಿ ಒಮ್ಮೆ ಅಂಗೈ ಸುಟ್ಟುಕೊಂಡರು. ಸೂಕ್ಷ್ಮದ ಕೆಲಸಗಳನ್ನು ತಾವಾಗಿಯೇ ಬೇಡವೆಂದು, ನಳಿಕೆ, ಬಾಗಿದ ಕೊಳವೆ, ಒಡೆದ ಸಾಮಾನಿನ ರಿಪೇರಿ, ಇಷ್ಟನ್ನೇ ಇಟ್ಟುಕೊಂಡು ಮೂರು ವರ್ಷ ಮುಗಿಸಿದರು. ನಮ್ಮ ಚಪ್ಪಟೆ ತಳದ ಕಾಲಮ್ಮೇ ಅವರು ಮಾಡಿದ ಕೊನೆಯ ದೊಡ್ಡ ಕೆಲಸ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಅವರೆಯ ಪ್ರೋಟೀನಿನ ಲೇಖನ ಅಚ್ಚಾಯಿತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸಾಹೇಬರು ಒಂದು ಸಾಲು ಸೇರಿಸಿದ್ದರು, ಕಾಲಂ ರೂಪಿಸಿಕೊಟ್ಟವರಿಗೆ ಕೃತಜ್ಞತೆ, ಅದರಲ್ಲಿ ದೊಡ್ಡಪ್ಪನ ಹೆಸರು. ಒಂದು ಪ್ರತಿಯನ್ನು ಅವರ ಮನೆಗೆ ತೆಗೆದುಕೊಂಡು ಹೋದೆ. ದೊಡ್ಡಮ್ಮ ಒಲೆಯ ಮುಂದಿದ್ದರು. ಸಾಲನ್ನು ಓದಿ, ಕನ್ನಡದಲ್ಲಿ ಹೇಳಿ, ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ದೊಡ್ಡಪ್ಪ ಹಾಳೆಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದು, ದೂರ ಹಿಡಿದು, ಕಿಟಕಿಯ ಬಳಿ ಹೋಗಿ ನೋಡಿ ಬಂದರು.

"ಏನಂತೆ ಅದರಾಗೆ?" ಎಂದು ದೊಡ್ಡಮ್ಮ ಒಳಗಿನಿಂದ ಕೇಳಿದರು.

"ಮೊದಲು ಕೆಟ್ಟದಾಗಿ ಮಾಡ್ದ, ಆಮೇಲೆ ಸರಿಯಾಗಿ ಮಾಡ್ಕೊಟ್ಟ ಅಂತ ಬರ್ದವ್ರೆ."

"ಅಷ್ಟೊಂದು ನಿಜ ಬರೀತಾರಾ ಇಂಗ್ಲೀಷ್ನಾಗೆ?" ಎನ್ನುತ್ತಾ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಬಂದರು. ಓದು ಬಾರದಿದ್ದರೂ ಹಾಳೆಯನ್ನು ಇಸಿದುಕೊಂಡು ಎರಡೂ ಬದಿ ನೋಡಿ, ದೇವರ ಗೂಡಿನ ಪಕ್ಕದ ಪೆಟ್ಟಿಗೆಯಲ್ಲಿ ತಮ್ಮ ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟರು. ಆಮೇಲೆ ಮೂವರೂ ಕೂತು ಬಿಸಿ ರೊಟ್ಟಿ ತಿಂದೆವು.